ಪೂರ್ತಿ ಹೇಳಲು ಬಿಟ್ಟವರು

ಮೊನ್ನೆ ಇಲ್ಲಿ ಕೆನಡಾದಲ್ಲಿ, ಟೊರಾಂಟೋ ಪಕ್ಕದ ಮಾರ್ಕಮ್‌ನಲ್ಲಿ ಯಾರೋ ಮನೆ ಮುಂದೆ ಹಳೇ ಸಾಮಾನು ಮಾರಾಟಕ್ಕೆ ಇಟ್ಟಿದ್ದರು. ಅದರಲ್ಲೊಂದು ಕ್ಯಾಸೆಟ್ ರೆಕಾರ್ಡರ್. ಗುಂಡಿ ಒತ್ತಿದೆ, ‘ಟಕ್’ ಎಂದಿತು. ಆ ಸದ್ದಿಗೆ ನನ್ನ ಇತಿಹಾಸದ ಪ್ರೊಫೆಸರು ನೆನಪಾದರು...

೨೦೧೬. ನಾನು ಕೋಲಾರದಿಂದ ಓದಲು ಬಂದ ಹೊಸತು. ಅವರು ಟೊರಾಂಟೋದಲ್ಲೇ ಹುಟ್ಟಿದ ಕಪ್ಪು ಹೆಂಗಸು. ತಂದೆ ರೈಲಿನಲ್ಲಿ ಪೋರ್ಟರ್ ಆಗಿದ್ದವರು. ಈ ಊರಲ್ಲಿ ಕಪ್ಪು ಜನರಿಗೆ ಬಾಡಿಗೆ ಮನೆ ಹೇಗೆ ತಪ್ಪಿಸುತ್ತಿದ್ದರು, ಆ ಜನ ಹೇಗೆ ಹೋರಾಡಿ ಹಕ್ಕು ಗೆದ್ದರು ಎನ್ನುವುದೇ ಪ್ರೊಫೆಸರ ಜೀವಮಾನದ ಕೆಲಸ. ಶುರುವಿನಲ್ಲಿ ಸಹೋದ್ಯೋಗಿಗಳು ‘ಇದು ಇತಿಹಾಸವಲ್ಲ, ಗೋಳು’ ಅಂದಿದ್ದರಂತೆ. ಇವರು ಮನೆಮನೆಗೆ ಹೋಗಿ ಮುದುಕರ ಮಾತು ರೆಕಾರ್ಡ್ ಮಾಡಿ ಪುಸ್ತಕ ಬರೆದರು. ಆಮೇಲೆ ಅದೇ ಸಹೋದ್ಯೋಗಿಗಳು ಅದನ್ನು ಪಾಠ ಮಾಡಿದರು!

ಒಂದು ದಿನ, ಕಪ್ಪು ಜನ ಬಾಡಿಗೆ ಕೇಳಿ ಬಂದರೆ ‘ಮನೆ ಈಗಷ್ಟೇ ಹೋಯ್ತು’ ಅನ್ನುತ್ತಿದ್ದ ಮಾಲೀಕರ ಬಗ್ಗೆ ಪಾಠ. ನನಗೆ ನಗು ಬಂದುಬಿಟ್ಟಿತು. ಕ್ಲಾಸು ಮುಗಿದ ಮೇಲೆ ತಮ್ಮ ಕೋಣೆಗೆ ಕರೆದು ಯಾಕೆ ನಕ್ಕೆ ಎಂದು ಕೇಳಿದರು. ಹೇಳಿದೆ. ಹಿಂದಿನ ವಾರ ವುಡ್‌ಬ್ರಿಡ್ಜಿನಲ್ಲಿ ಕನ್ನಡದವರ ಮನೆಗೆ, ಬಾಡಿಗೆಗಿದ್ದ ಬೇಸ್‌ಮೆಂಟು, ಅಂದರೆ ನೆಲಮಾಳಿಗೆ, ನೋಡಲು ಹೋಗಿದ್ದೆ. ಆಂಟಿ ಕಾಫಿ ಕೊಟ್ಟು, ‘ನೀವು ಯಾವ ಜನ, ಪುಟ್ಟಿ?’ ಎಂದರು. ದಲಿತರು ಎಂದೆ. ಕಾಫಿ ಆರುವ ಮೊದಲೇ, ‘ಸಾರಿ ಕಣಮ್ಮ, ಬೇಸ್‌ಮೆಂಟು ನಮ್ಮ ನೆಂಟರಿಗೆ ಬೇಕಂತೆ’ ಎಂದುಬಿಟ್ಟರು.

ಅಮ್ಮನಿಗೂ ಹೇಳಿರದ ಮಾತು ಅದು. ಪ್ರೊಫೆಸರು ಮೇಜಿನ ಮೇಲಿದ್ದ ರೆಕಾರ್ಡರಿನ ಗುಂಡಿ ಒತ್ತಿದರು. ‘ಮೊದಲಿಂದ ಹೇಳು. ಏನೂ ಬಿಡಬೇಡ.’

ಅಂದಿನಿಂದ ನಾನು ಬರೆದ ಪ್ರತಿ ಪುಟವನ್ನೂ ಓದಿ ಅವರು ಜಗಳಕ್ಕೆ ಕೂರುತ್ತಿದ್ದರು. ಎರಡು ವರ್ಷದ ನಂತರ ಅವರ ನಿವೃತ್ತಿಯ ಭಾಷಣ. ತುಂಬಿದ ಸಭೆಯಲ್ಲಿ ತಮ್ಮ ಅರ್ಧ ಸಮಯ ನನಗೆ ಕೊಟ್ಟರು. ನಾನು ಬೇಸ್‌ಮೆಂಟಿನ ಮಾತು ಶುರು ಮಾಡಿದ್ದೇ, ನಮ್ಮ ಕಡೆಯ ಹಿರಿಯರೊಬ್ಬರು ಎದ್ದು ಕನ್ನಡದಲ್ಲೇ ಗದರಿದರು: ‘ಜಾತಿಗೀತಿ ಎಲ್ಲಾ ಊರಲ್ಲೇ ಬಿಟ್ಟು ಬಂದಿದ್ದೀವಿ. ಇಲ್ಯಾಕಮ್ಮ ಎತ್ತುತ್ತೀಯ?’

ಪ್ರೊಫೆಸರಿಗೆ ಭಾಷೆ ತಿಳಿಯದು, ಆ ದನಿ ಚೆನ್ನಾಗಿ ತಿಳಿದಿತ್ತು. ‘ಅವರು ಏನಂದರೆಂದು ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳು. ಆಮೇಲೆ ನಿನ್ನ ಮಾತು ಮುಗಿಸು’ ಎಂದರು.

ಹೇಳಿದೆ. ಹಿರಿಯರು ಮೆಲ್ಲಗೆ ಕೂತರು. ನಾನು ವುಡ್‌ಬ್ರಿಡ್ಜಿನ ಆ ಸಂಜೆಯನ್ನು ಪೂರ್ತಿ ಹೇಳಿದೆ. ಆ ಹಿರಿಯರೂ ಕೊನೆಯವರೆಗೆ ಎದ್ದು ಹೋಗಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಪ್ರೊಫೆಸರು ತೀರಿಕೊಂಡರು...

ಈಗ ನಾನೂ ಇತಿಹಾಸದಲ್ಲೇ ಸಂಶೋಧನೆ ಮಾಡುತ್ತಿದ್ದೇನೆ. ಪ್ರಬಂಧದ ಮೊದಲ ಅಧ್ಯಾಯ ಮುಗಿದಿದೆ, ಚೆನ್ನಾಗಿಯೇ ಬಂದಿದೆ. ಓದಿ, ಒಪ್ಪದೆ, ನನ್ನ ಜೊತೆ ಜಗಳಕ್ಕೆ ಕೂರಲು ಅವರಿಲ್ಲ.