ಹಂಡೆಯ ಬಾಯಿಗೆ ಗೀಸರಿನ ನಳ

ಮೊನ್ನೆ ನಮ್ಮ ಬಚ್ಚಲಿನ ಹಳೆಯ ಗೀಸರನ್ನು ಇಳಿಸಿದ್ದಾಯಿತು. ಹದಿನೈದು ವರ್ಷ ದುಡಿದು, ಕೊನೆಗೆ ಹೊಟ್ಟೆಯಡಿಯಿಂದ ತೊಟ್ಟಿಕ್ಕಲು ಶುರು ಮಾಡಿತ್ತು. ಅದನ್ನು ಬಿಚ್ಚಿದ ಪ್ಲಂಬರ್ ಹೊಸದನ್ನು ಎತ್ತಿಕೊಳ್ಳುವುದು ಬಿಟ್ಟು ಗೋಡೆಯನ್ನೇ ನೋಡುತ್ತ ನಿಂತ.

"ಮಾಷ್ಟ್ರೆ, ಇದೆಂತದ್? ಒಂದ್ ಗೀಸರಿಗೆ ಹನ್ನೊಂದ್ ತೂತಾ? ಯಾರ್ ಮಾರಾಯ್ರೆ ಇದನ್ನ್ ಕೂರ್ಸದ್?"

"ಯಾರೋ ಕೆಲಸ ಗೊತ್ತಿಲ್ದವ," ಅಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆ ಗೊತ್ತಿಲ್ಲದವ ನಾನೇ ಎಂಬುದನ್ನು ಮಾತ್ರ ಹೇಳಲಿಲ್ಲ. ಅವನು ಚಹಾ ಕುಡಿಯಲು ಹೊರಗೆ ಹೋದಾಗ ಒಂದು ತೂತಿಗೆ ಬೆರಳು ಹಾಕಿ ನೋಡಿದೆ. ಮುರಕಲ್ಲಿನ ಕೆಂಪು ಪುಡಿ ಉದುರಿತು. ಅದರ ಹಿಂದೆಯೇ ಅಬ್ಬಿಯ ನೆನಪು ಬಂತು. ನಾವು ತಾಯಿಯನ್ನು ಕರೆಯುತ್ತಿದ್ದುದು ಹಾಗೆ.

ಕೊಕ್ಕರ್ಣೆಯ ನಮ್ಮ ಈ ಮನೆಯಲ್ಲಿ ಆಗ ಬೆಳಗಾಗುತ್ತಿದ್ದುದು ಬಚ್ಚಲ ಒಲೆಯಿಂದ. ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆ, ಅದರ ಮುಂದೆ ಒಂದು ಗಿಡ್ಡ ಮಣೆ, ಮಣೆಯ ಮೇಲೆ ಅಬ್ಬಿ. ತೆಂಗಿನ ಸಿಪ್ಪೆ, ಒಣಗಿದ ಮಡಲು, ಕರಟ, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ. ಮದುವೆಯಾಗಿ ಬಂದ ಮರುದಿನವೇ ಅತ್ತೆ ಅವಳನ್ನು ಆ ಮಣೆಯ ಮೇಲೆ ಕೂರಿಸಿದ್ದರಂತೆ. ಆಮೇಲೆ ಏಳಲು ಯಾರೂ ಹೇಳಲಿಲ್ಲ, ಅವಳೂ ಏಳಲಿಲ್ಲ. ಮೊದಲು ಅಪ್ಪಯ್ಯ ಮೀಯಬೇಕು, ಆಮೇಲೆ ಮಕ್ಕಳು, ನೆಂಟರಿದ್ದರೆ ನೆಂಟರು. ಒಬ್ಬೊಬ್ಬರು ಮಿಂದು ಬಂದಂತೆ ಹಂಡೆಗೆ ತಣ್ಣೀರು ಸೇರುತ್ತಿತ್ತು. ಎಲ್ಲರದೂ ಮುಗಿದು ಅಬ್ಬಿಯ ಸರದಿ ಬರುವಾಗ ಒಲೆಯಲ್ಲಿ ಬೂದಿ, ಹಂಡೆಯಲ್ಲಿ ಉಗುರು ಬೆಚ್ಚಗಿನ ನೀರು. ಇದನ್ನು ನಾನು ದಿನವೂ ನೋಡಿದ್ದೆ. ನೋಡಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಕಣ್ಣಿಗೆ ಬಿದ್ದದ್ದು ಅವಳ ಕೆಮ್ಮು. ಬ್ರಹ್ಮಾವರದ ಡಾಕ್ಟರು, "ಇವರನ್ನು ಹೊಗೆಯಿಂದ ದೂರ ಇಡಿ," ಅಂದರು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಬೇರೆ. ವರ್ಷಕ್ಕೊಮ್ಮೆ ಶಾಖದ ಪಾಠ ಮಾಡುವವನಿಗೆ ಒಂದು ಗೀಸರ್ ಕೂರಿಸಲು ಮತ್ತೊಬ್ಬರ ಹಂಗೇಕೆ? ಕುಂದಾಪುರದಿಂದ ಗೀಸರ್ ತಂದೆ, ಹೈಸ್ಕೂಲಿನ ಪ್ರಯೋಗಶಾಲೆಯಿಂದ ಸ್ಪ್ಯಾನರ್ ತಂದೆ, ಪಕ್ಕದ ಮನೆಯಿಂದ ಡ್ರಿಲ್ ತಂದೆ. ನನ್ನದೇ ಆಗಿದ್ದುದು ಧೈರ್ಯ ಒಂದೇ.

ನಮ್ಮ ಗೋಡೆ ಹಳೆಯ ಮುರಕಲ್ಲಿನದು. ಡ್ರಿಲ್ ತಾಗಿಸಿದರೆ ಅವಲಕ್ಕಿಯ ಹಾಗೆ ಉದುರುತ್ತದೆ. ಒಂದು ತೂತು ದೊಡ್ಡದಾಯಿತೆಂದು ಪಕ್ಕದಲ್ಲಿ ಇನ್ನೊಂದು, ಅದು ಓರೆಯಾಯಿತೆಂದು ಮತ್ತೊಂದು. ಅಪ್ಪಯ್ಯ ಬಾಗಿಲಲ್ಲಿ ನಿಂತು, "ಗ್ವಾಡಿ ಬೀಳ್ಸೂದಾದ್ರೆ ಮೊದ್ಲೇ ಹೇಳ್, ಹಂಡಿ ಹೊರಗ್ ತೆಗಿತೆ," ಅಂದರು. ಕೊನೆಗೆ ಹಲಸಿನ ಮರದ ಬೆಣೆ ಹೊಡೆದು ಹೇಗೋ ನಿಲ್ಲಿಸಿದೆ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಮಾಡಿದ. ಅಷ್ಟು ಬುದ್ಧಿ ನನಗಿತ್ತು.

ಅಬ್ಬಿಗೆ ಇದೊಂದೂ ಹಿಡಿಸಲಿಲ್ಲ. "ಎಂತಕ್ ಮಗಾ ಇದೆಲ್ಲ? ಬೆಂಕಿ ಒಟ್ಟುಕೆ ನಾನಿಲ್ಯಾ? ಅಲ್ದೆ, ಚೆಂಬ್ ಅದ್ದುಕೆ ಹಂಡಿ ಇಲ್ದಿರೆ ಮೀವುದ್ ಹ್ಯಾಂಗೆ?"

ನಿಜ ಹೇಳಬೇಕೆಂದರೆ ನನಗೂ ಹಂಡೆಯಲ್ಲಿ ಚೆಂಬು ಮುಳುಗಿಸಿ ತಲೆಗೆ ಹುಯ್ದುಕೊಳ್ಳದಿದ್ದರೆ ಮಿಂದಂತೆ ಆಗುವುದಿಲ್ಲ. ಹಾಗಾಗಿ ಗೀಸರಿನ ನಳವನ್ನು ಎಳೆದು ಸೀದಾ ಹಂಡೆಯ ಬಾಯಿಗೆ ಬಿಟ್ಟೆ. ಗೀಸರೂ ಆಯಿತು, ಹಂಡೆಯೂ ಉಳಿಯಿತು, ಅಬ್ಬಿಯೂ ಸುಮ್ಮನಾದಳು. ಆ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲಿನಿಂದ ಹೊಗೆ! ಓಡಿಹೋದೆ. ಅಬ್ಬಿ ಮಣೆಯ ಮೇಲೆ ಕೂತು ಒಲೆ ಊದುತ್ತಿದ್ದಾಳೆ. ಮೇಲೆ ಗೀಸರಿನ ಕೆಂಪು ದೀಪ ಉರಿಯುತ್ತಿದೆ.

"ಅಬ್ಬೀ, ಇದೆಂತ ಮಾಡ್ತಿದ್ದೆ?"

"ನಿನ್ ಗೀಸರ್ ನೀರ್ ತಣ್ದ್ ಹೋಯ್ತ್ ಮಗಾ. ಚೂರ್ ಬಿಸಿ ಮಾಡ್ತೆ," ಅಂದಳು, ನನಗೆ ಬೇಸರವಾಗದ ಹಾಗೆ ಮೆಲ್ಲಗೆ.

ಆರು ಕೊಡಪಾನ ಹಿಡಿಯುವ ತಾಮ್ರದ ಹಂಡೆ. ಗೀಸರ್ ಒಂದು ಸಲಕ್ಕೆ ಕೊಡುವುದು ಒಂದೂವರೆ ಕೊಡಪಾನ. ಅದು ಮತ್ತೆ ಕಾಯುವಷ್ಟರಲ್ಲಿ ಮೊದಲು ಬಿದ್ದದ್ದು ತಣ್ಣಗೆ. ತಾಮ್ರ ಒಳ್ಳೆಯ ಶಾಖವಾಹಕ ಎಂದು ಮಕ್ಕಳಿಂದ ನೂರು ಸಲ ಹೇಳಿಸಿದವನು ನಾನು. ಒಂದು ವಾರ ನಮ್ಮ ಮನೆಯಲ್ಲಿ ಗೀಸರಿನ ನೀರನ್ನು ಸೌದೆ ಹಾಕಿ ಕಾಯಿಸಿದೆವು. ಈ ಸುದ್ದಿ ನನ್ನ ಸಹೋದ್ಯೋಗಿಗಳಿಗೆ ಇವತ್ತಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಅಷ್ಟರಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಅಬ್ಬಿ ಹುಣಸೆಹುಳಿ ಹಾಕಿ ಹಂಡೆ ತಿಕ್ಕಿದಳು, ಸೇಡಿಮಣ್ಣಿನಿಂದ ಬಿಳಿ ಗೆರೆ ಎಳೆದಳು, ಹಿಂಡ್ಲೆಕಾಯಿ ಬಳ್ಳಿಯನ್ನು ಅದರ ಕೊರಳಿಗೆ ಸುತ್ತಿದಳು. ಜಾಗಟೆ ಹೊಡೆದು ಬಾವಿಯ ಹೊಸ ನೀರು ತುಂಬಿಸಿದೆವು. ಉಳಿದ ಬಳ್ಳಿಯ ತುಂಡನ್ನು ಕೈಯಲ್ಲಿ ಹಿಡಿದು ಅಬ್ಬಿ ಒಂದು ಗಳಿಗೆ ಮೇಲೆ ನೋಡಿದಳು. "ಅದ್ಕೂ ಒಂದ್ ಕಟ್ ಮಗಾ. ಅದೂ ಮನಿದೇ ಅಲ್ದಾ?" ಸ್ಟೂಲು ಹತ್ತಿ ಗೀಸರಿಗೂ ಬಳ್ಳಿ ಸುತ್ತಿದೆ.

ಮಾರನೆಯ ದಿನ ಎಣ್ಣೆಸ್ನಾನ. ತಂಗಿ, ಭಾವ ಬಂದಿದ್ದರು. ಅಬ್ಬಿ ಎಲ್ಲರ ನೆತ್ತಿಗೆ ಎಣ್ಣೆ ತಟ್ಟಿ, ಒಲೆಯ ಕಡೆ ನಡೆದಳು. ನಾನು ಅವಳಿಗಿಂತ ಮೊದಲು ಹೋಗಿ ಆ ಮಣೆಯ ಮೇಲೆ ಕೂತೆ.

"ಈ ಸಲ ಬೆಂಕಿ ನಂದ್. ನೀ ಮೊದ್ಲ್ ಮೀ."

"ಮರ್ಲಾ ನಿಂಗೆ? ಅಪ್ಪಯ್ಯ ಇದ್ರ್, ಅಳಿಯ ಇದ್ರ್. ನೀವೆಲ್ಲ ಮಿಂದ್ ಆಯ್ಲಿ, ಕಡೆಗ್ ನಾ ಮೀತೆ."

ನಾನು ಏಳಲಿಲ್ಲ. ಅವಳು ಅಪ್ಪಯ್ಯನ ಮುಖ ನೋಡಿದಳು. ಅವರು ಎಣ್ಣೆ ಸುರಿಯುವ ತಲೆ ಒರೆಸಿಕೊಂಡು, "ಅವ ಏಳೂದಿಲ್ಲ. ಮಿಂದ್ ಬಾ," ಅಂದರು. ಹತ್ತು ನಿಮಿಷ ಊದುವಷ್ಟರಲ್ಲಿ ನನ್ನ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಅವಳು ಇಷ್ಟು ವರ್ಷ ಇಲ್ಲಿ ಹೇಗೆ ಕೂತಿದ್ದಳೋ.

ನೀರು ಕುದಿ ಬಂದ ಮೇಲೆ ನಾನು ಹೊರಗೆ ಬಂದೆ. ಅಬ್ಬಿ ಬಾಗಿಲು ಹಾಕಿಕೊಂಡಳು. ಚೆಂಬಿನ ಸದ್ದು ಕೇಳಿತು, ನಿಂತಿತು, ಮತ್ತೆ ಕೇಳಿತು. ಎಷ್ಟು ಹೊತ್ತಾದರೂ ಬಾಗಿಲು ತೆಗೆಯಲಿಲ್ಲ. ಭಾವ ಎಣ್ಣೆ ಮೈಯಲ್ಲಿ ಚಳಿಗೆ ನಡುಗುತ್ತಿದ್ದರು. ಅಪ್ಪಯ್ಯ, "ಹ್ವಾಯ್, ನಮ್ಗ್ ನೀರ್ ಇತ್ತಾ ಇಲ್ಯಾ?" ಎಂದು ಕೂಗಿದರು.

ಕಡೆಗೂ ಹೊರಗೆ ಬಂದಳು. ಮೈಯೆಲ್ಲ ಕೆಂಪಾಗಿತ್ತು, ಕೂದಲಿನಿಂದ ಹಬೆ ಏಳುತ್ತಿತ್ತು. ಸಣ್ಣ ಮಗುವಿನ ಹಾಗೆ ನನ್ನನ್ನು ನೋಡಿ ಕೇಳಿದಳು: "ಬಿಸ್ನೀರ್ ಅಂದ್ರೆ ಹೀಂಗಿರತ್ತಾ ಮಗಾ?"

ನಮ್ಮೆಲ್ಲರಿಗೂ ಮೂವತ್ತೈದು ವರ್ಷ ನೀರು ಕಾಯಿಸಿದವಳು ಅವಳು. ಅವತ್ತೇ ನಳವನ್ನು ಹಂಡೆಯಿಂದ ಬಿಡಿಸಿ ಬಕೆಟ್ಟಿಗೆ ತಿರುಗಿಸಿದೆ. ಹಂಡೆ ಹಬ್ಬಕ್ಕೆ ಮಾತ್ರವಾಯಿತು. ಅಬ್ಬಿ ಇದ್ದಷ್ಟು ದಿನವೂ ಕೆಂಪು ದೀಪ ಆರಿದ್ದನ್ನು ನೋಡಿ, ಮೊದಲನೆಯವಳಾಗಿ ಮಿಂದಳು.

"ಆಯ್ತ್ ಮಾಷ್ಟ್ರೆ," ಎಂದು ಪ್ಲಂಬರ್ ಕರೆದ. ಹೊಸ ಗೀಸರ್ ನೆಟ್ಟಗೆ ಕೂತಿತ್ತು, ನಾಲ್ಕೇ ತೂತು. ಅವನು ಹೋದ ಮೇಲೆ ಸ್ವಿಚ್ ಹಾಕಿ, ದೀಪ ಆರುವುದನ್ನು ಕಾದು, ಟವೆಲ್ ಹೆಗಲಿಗೆ ಹಾಕಿಕೊಂಡು, ಬಿಸಿನೀರು ಬಂತು ನೋಡಿ ಎಂದು ಹೆಂಡತಿ, ಮಕ್ಕಳನ್ನು ಕರೆದೆ.

ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: "ನೀವೆಲ್ಲ ಮಿಂದ್ ಆಯ್ಲಿ, ಕಡೆಗ್ ನಾ ಮೀತೆ."

ನಾನು ನಿಂತಲ್ಲೇ ನಿಂತೆ. ಈ ಮನೆಗೆ ಬಂದಂದಿನಿಂದ ಅವಳು ಎಷ್ಟನೆಯವಳಾಗಿ ಮೀಯುತ್ತಾಳೆ ಎಂದು ಒಂದು ದಿನವಾದರೂ ನೋಡಿದ್ದೆನೆ? ಅಡುಗೆಮನೆಗೆ ಹೋಗಿ ಅವಳ ಕೈಯಲ್ಲಿದ್ದ ಸೌಟು ತೆಗೆದುಕೊಂಡು, ಟವೆಲನ್ನು ಅವಳ ಹೆಗಲಿಗೆ ಹಾಕಿದೆ. ಬಚ್ಚಲಿನ ಬಾಗಿಲು ಹಾಕಿದ ಸದ್ದು ಕೇಳಿತು. ಒಲೆಯ ಮೇಲಿನ ಸಾರು ತಿರುಗಿಸುತ್ತ, ನನ್ನ ಸರದಿಗೆ ಕಾದೆ.