ಗಂಜಿ ಹಾಕಿದ ಲಂಗೋಟಿ

ಮೊಮ್ಮಗಳು ನಮ್ಮ ಮನೆಗೆ ಬಂದ ದಿನ ನಾನು ನಾಲ್ಕೂವರೆಗೇ ಎದ್ದಿದ್ದೆ. ನನ್ನ ಹೊತ್ತು ಐದು ಗಂಟೆ. ಹತ್ತಿ ಗಿರಣಿಯ ಮೊದಲ ಪಾಳಿಗೆ ಹೋಗುತ್ತಿದ್ದಾಗಿನ ಅಭ್ಯಾಸ ಅದು. ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾದರೂ ಅದರ ಸೈರನ್ನು ನನ್ನೊಳಗೆ ಐದಕ್ಕೇ ಕೂಗುತ್ತದೆ. ಆ ದಿನ ಮಾತ್ರ ಅರ್ಧ ಗಂಟೆ ಮುಂಚೆ ಕೂಗಿತು. ಮನೆಯ ನೆಲವನ್ನು ಎರಡು ಸಲ ಒರೆಸಿದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎಂಟಕ್ಕೆಲ್ಲ ಗೇಟಿನ ಹತ್ತಿರ ನಿಂತೆ. ಅವರು ಬಂದದ್ದು ಹನ್ನೊಂದಕ್ಕೆ.

ಸೊಸೆಯ ತವರು ಹರಿಹರ, ಅಲ್ಲೇ ಒಂದು ಶಾಲೆಯಲ್ಲಿ ಅವಳು ಟೀಚರು. ಬಾಣಂತನ ಮುಗಿಸಿ, ಐದನೇ ತಿಂಗಳಲ್ಲಿ ತೊಟ್ಟಿಲು, ಕೌದಿ, ಬೆಳ್ಳಿ ಬಟ್ಟಲುಗಳ ಸಮೇತ ಬೀಗಿತಿಯವರೇ ಕೂಸನ್ನು ಕರೆತಂದರು. ನಾನು ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡೆ. ಅದು ನನ್ನ ಕಾಲರಿಗೆ ಕೆನ್ನೆ ತಾಗಿಸಿದ್ದೇ ತಡ, ಕಿಟಾರನೆ ಚೀರಿತು. ಬೀಗಿತಿ ನಗುತ್ತ ವಾಪಸ್ ಎತ್ತಿಕೊಂಡರು.

"ಇನ್ನೂ ಗುರ್ತಿಲ್ಲ ಬಿಡ್ರಿ ಬೀಗರೆ," ಎಂದರು. ಆಮೇಲೆ ಮೆಲ್ಲಗೆ ಮುಖ್ಯ ಮಾತು ತೆಗೆದರು. "ಇಕಿ ಶಾಲಿ ನಮ್ಮ ಓಣಿ ಹಿಂದೇ ಐತಿ. ರಜ ಮುಗಿದ ಮ್ಯಾಲೆ ಸೋಮವಾರದಿಂದ ಶನಿವಾರ ತಾಯಿ ಮಗಳು ನಮ್ಮನ್ಯಾಗೇ ಇದ್ರೆ ಎಲ್ಲಾರಿಗೂ ಆರಾಮ. ಭಾನುವಾರ ನಿಮ್ಮ ಹತ್ರ ಕಳಿಸ್ತೀನಿ."

ನನಗೆ ಭಾನುವಾರ ಮಾತ್ರ ಸಾಲದು. ನನ್ನ ಹೆಂಡತಿಗೂ ಸಾಲದು ಎಂಬುದು ಅವಳು ಚಹಾದ ಲೋಟವನ್ನು ಇಟ್ಟ ಸದ್ದಿನಲ್ಲೇ ಗೊತ್ತಾಯಿತು. ಮಗನದು ಊರೂರು ತಿರುಗುವ ಕೆಲಸ. ಕೊನೆಗೆ ಸೊಸೆಯೇ ಹೇಳಿದಳು: "ಇನ್ನೂ ಮೂರು ವಾರ ರಜ ಐತಲ್ಲವ್ವ. ಇಲ್ಲೇ ಇದ್ದು ನೋಡ್ತೀನಿ. ಮಾವನೂ ಅತ್ತೇರೂ ನೋಡ್ಕೊಂಡ್ರೆ ನಾನು ದಿನಾ ಬಸ್ಸಿಗೆ ಓಡಾಡ್ತೀನಿ. ಕೂಸಿನ ಮೈ ಮಾತ್ರ ಚೆಂದ ಇರಬೇಕು, ಅಷ್ಟೆ."

ಮೂರು ವಾರ. ನಾನು ಪರೀಕ್ಷೆಗೆ ಕುಳಿತ ಹುಡುಗನಂತಾದೆ.

ಮೊದಲ ಪ್ರಶ್ನೆ ಆ ಮಧ್ಯಾಹ್ನವೇ ಎದುರಾಯಿತು. ಕೂಸಿಗೆ ಏನು ಕಟ್ಟುವುದು? ಹರಿಹರದಲ್ಲಿ ಹಳೆ ಸೀರೆಯ ತುಂಡುಗಳನ್ನು ಕಟ್ಟುತ್ತಿದ್ದರು. ಸೊಸೆ ತನ್ನ ಚೀಲದಿಂದ ಒಂದು ಹೊಸ ಪೊಟ್ಟಣ ತೆಗೆದಳು. ಬಿದಿರಿನ ನಾರಿನಿಂದ ಮಾಡಿದ ಡೈಪರ್, ಒಮ್ಮೆ ಬಳಸಿ ಬಿಸಾಡುವಂಥದು, ಮಣ್ಣಲ್ಲಿ ಕರಗುತ್ತದೆ ಎಂದು ಮೇಲೆ ಬರೆದಿತ್ತು. ಪ್ಲಾಸ್ಟಿಕ್ಕಿನದು ಬೇಡ ಎಂಬುದು ಅವಳ ಹಟ. ಶಾಲೆಯಲ್ಲಿ ಮಕ್ಕಳಿಗೆ ಕಸದ ಪಾಠ ಮಾಡುವವಳು ತಾನೇ ದಿನಕ್ಕೆ ಆರು ಪ್ಲಾಸ್ಟಿಕ್ ಗಂಟು ಬಿಸಾಡುವುದು ಹೇಗೆ ಎಂದಳು.

"ನಿನ್ನ ಗಂಡನ್ನ ಯಾವ ಬಿದಿರಿನಾಗೆ ಬೆಳೆಸಿದ್ವವ್ವ?" ಎಂದಳು ನನ್ನ ಹೆಂಡತಿ. "ಪಂಚೆ ತುಂಡಿನಾಗೇ ಬೆಳೆದ."

"ಅದಕ್ಕೇ ಅತ್ತೆ, ಈಗ್ಲೂ ಒದ್ದೆ ಟವಲ್ಲು ಹಾಸಿಗೆ ಮ್ಯಾಲೇ ಬಿಡ್ತಾರೆ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಗಿರಣಿಯಲ್ಲಿ ಇಪ್ಪತ್ತು ವರ್ಷ ಬಟ್ಟೆ ಪರೀಕ್ಷೆ ಮಾಡಿದವನು. ಮಗ್ಗದಿಂದ ಇಳಿದ ಬಟ್ಟೆಯ ಮೇಲೆ ಅಂಗೈ ಆಡಿಸಿ ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ಹೇಳುವುದೇ ನನ್ನ ಕೆಲಸವಾಗಿತ್ತು. ಈ ತೀರ್ಮಾನ ಬಾಯಿಮಾತಿನಲ್ಲಿ ಆಗಕೂಡದು ಎಂದೆ. ಒಂದು ವಾರ ಬಟ್ಟೆ, ಒಂದು ವಾರ ಡೈಪರ್, ಮೂರನೇ ವಾರ ಗೆದ್ದದ್ದು.

ಅಲ್ಲಿಯವರೆಗೂ ಕುತೂಹಲ ತಡೆಯಬೇಕಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಡೈಪರನ್ನೂ ನಾಲ್ಕು ಮಡಿಕೆಯ ಹಳೆ ಪಂಚೆ ತುಂಡನ್ನೂ ಹಾಸಿ ಒಂದೊಂದು ಲೋಟ ನೀರು ಹೊಯ್ದೆ. ಪಂಚೆ ಗಟಗಟ ಕುಡಿಯಿತು, ಆದರೆ ಅಡಿಯಲ್ಲಿ ಸೋರಿತು. ಡೈಪರ್ ಕುಡಿದು, ಉಬ್ಬಿ, ಮೇಲೆ ಒಣಗಿದಂತೆಯೇ ಕಂಡಿತು. ಇನ್ನೊಂದನ್ನು ಕತ್ತರಿಯಿಂದ ಸೀಳಿ ಪದರ ಪದರ ಬಿಡಿಸಿದೆ. ನಡುವೆ ಹತ್ತಿಯಂಥ ತಿರುಳು, ಅದರೊಳಗೆ ಸಕ್ಕರೆಯಂಥ ಹರಳು.

"ಕೂಸಿಗೆ ತಂದಿದ್ದನ್ನ ಆಪರೇಷನ್ ಮಾಡ್ತಾ ಕೂತೀರಲ್ರಿ," ಎಂದಳು ಹೆಂಡತಿ.

ನೀರು ಕುಡಿದ ಡೈಪರನ್ನು ಮರುದಿನ ಬೆಳಿಗ್ಗೆ ಕಸದ ಗಾಡಿಯ ಹೆಣ್ಣುಮಗಳಿಗೆ ತೋರಿಸಿ, ಹಸಿ ಕಸಕ್ಕೋ ಒಣ ಕಸಕ್ಕೋ ಎಂದು ಕೇಳಿದೆ. ಅವಳು ತಿರುಗಿಸಿ ನೋಡಿದಳು. "ಹಸಿನೂ ಅಲ್ಲ, ಒಣದೂ ಅಲ್ಲ. ಪೇಪರ್ನಾಗೆ ಸುತ್ತಿ ಬ್ಯಾರೆ ಕೊಡ್ರಿ ಅಜ್ಜಾರೆ." ಕೊಡಲಿಲ್ಲ. ನಿಜವಾಗಿ ಕರಗುತ್ತದೋ ನೋಡೋಣವೆಂದು ಕರಿಬೇವಿನ ಗಿಡದ ಬುಡದಲ್ಲಿ ಒಂದು ಗೇಣು ಆಳಕ್ಕೆ ಹೂತು, ಗುರುತಿಗೆ ಕಡ್ಡಿ ನೆಟ್ಟೆ.

ಬಟ್ಟೆಯ ವಾರಕ್ಕೆ ಸಿದ್ಧತೆ ಜೋರಾಗಿ ನಡೆಯಿತು. ಮಂಡಿಪೇಟೆಗೆ ಹೋಗಿ, ಮೂರು ಅಂಗಡಿಗಳಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ತೆಳು ಹತ್ತಿಯ ಮಲ್ ಬಟ್ಟೆ ತಂದೆ. ಹೆಂಡತಿ ಎರಡು ಡಜನ್ ತುಂಡುಗಳ ಅಂಚು ಹೊಲಿದಳು. ಒಗೆತ, ಗಂಜಿ, ಇಸ್ತ್ರಿ ನನ್ನ ವಿಭಾಗ. ನಮ್ಮ ಮನೆಯಲ್ಲಿ ಬಿಳಿ ಬಟ್ಟೆಗೆ ಒಂದು ಕ್ರಮವಿದೆ: ಒಗೆಯುವುದು, ಅನ್ನ ಬಸಿದ ಗಂಜಿಯ ತಿಳಿಯಲ್ಲಿ ಅದ್ದುವುದು, ಬಿಸಿಲಿಗೆ ಬಿಗಿಯಾಗಿ ಎಳೆದು ಹರವುವುದು, ಇಸ್ತ್ರಿ. ಲಂಗೋಟಿಗಳನ್ನೂ ಹಾಗೆಯೇ ಮಾಡಿದೆ. ಬೆಳಿಗ್ಗೆ ಏಳಕ್ಕೆ ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಇಪ್ಪತ್ತನಾಲ್ಕು ತುಂಡುಗಳು, ಮೂಲೆಗೆ ಮೂಲೆ ಕೂಡಿಸಿ, ಗಿರಣಿಯಿಂದ ಹೊರಬೀಳುವ ಬಟ್ಟೆಯ ಥಾನಿನ ಹಾಗೆ ನಿಂತಿದ್ದವು. ನೋಡಿದಷ್ಟೂ ಖುಷಿ. ಬೆಳಿಗ್ಗೆ ಒಗೆದವು ಸಂಜೆಗೆ ಮತ್ತೆ ಅದೇ ಕ್ರಮದಲ್ಲಿ ಸ್ಟೂಲಿಗೆ ಮರಳುತ್ತಿದ್ದವು.

"ಯಾಕ್ರಿ ಇಷ್ಟು ಬಿರುಸು ಅದಾವೆ?" ಎಂದು ಹೆಂಡತಿ ಕೇಳಿದಳು.

"ಹೊಸ ಬಟ್ಟೆ. ನಾಕು ಒಗೆತಕ್ಕೆ ಮೆತ್ತಗಾಗ್ತಾವೆ," ಎಂದೆ. ಬಟ್ಟೆಯ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಎದುರು ಮಾತಿಲ್ಲ.

ನಾಲ್ಕನೇ ದಿನ ಕೂಸಿನ ತೊಡೆಯ ಸಂದಿಯಲ್ಲಿ ಕೆಂಪು ಗೆರೆಗಳು ಎದ್ದವು. ಮಡಿಕೆ ಎಲ್ಲೆಲ್ಲಿತ್ತೋ ಅಲ್ಲಲ್ಲಿ. ಅಷ್ಟೇ ಅಲ್ಲ, ಬಟ್ಟೆ ಒದ್ದೆಯಾಗುವ ಮೊದಲೇ ಹಾಸಿಗೆ ಒದ್ದೆಯಾಗುತ್ತಿತ್ತು. ಮಕ್ಕಳ ಡಾಕ್ಟರು ನೋಡಿ, ಮುಲಾಮು ಬರೆದು, ಉಜ್ಜುವಂಥದ್ದು ಕಟ್ಟಬೇಡಿ, ಗಾಳಿಯಾಡಲಿ ಎಂದರು. ಸೊಸೆ ಮನೆಗೆ ಬಂದು ಪೊಟ್ಟಣದಿಂದ ಒಂದು ಡೈಪರ್ ತೆಗೆದು ಸಡಿಲವಾಗಿ ಕಟ್ಟಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಆ ಸಂಜೆ ಅವಳು ಫೋನಿನಲ್ಲಿ ತಾಯಿಗೆ "ಹ್ಞೂಂ ಅವ್ವಾ, ಹಂಗೇ ಮಾಡೋದು ಚಲೋ ಅನ್ಸುತ್ತೆ" ಎನ್ನುವುದು ಕೇಳಿಸಿತು. ನಾನು ಹಿತ್ತಲಿಗೆ ಹೋಗಿ ಸುಮ್ಮನೆ ಕಡ್ಡಿ ನೆಟ್ಟ ಜಾಗವನ್ನು ನೋಡುತ್ತ ನಿಂತೆ.

ಡೈಪರ್ ಕಟ್ಟಿದ ಮೂರು ದಿನಕ್ಕೆ ಗೆರೆಗಳು ಮಾಯವಾದವು. ಈ ಪರೀಕ್ಷೆಯ ಲೆಕ್ಕ ಬರೆಯಲೆಂದು ಅಂಕಣ ಎಳೆದಿಟ್ಟಿದ್ದ ನನ್ನ ಪುಸ್ತಕದಲ್ಲಿ ಬಟ್ಟೆಯ ಎದುರು "ಫೇಲು" ಎಂದು ಬರೆದೆ. ಬರೆದರೂ ಒಪ್ಪಿಗೆಯಾಗಲಿಲ್ಲ. ಮಲ್ ಬಟ್ಟೆ ಹೀಗೆ ಮೋಸ ಮಾಡಲು ಸಾಧ್ಯವೇ ಇಲ್ಲ ಎಂದು ಒಳಗೆ ಏನೋ ಹೇಳುತ್ತಿತ್ತು.

ಎರಡನೇ ಭಾನುವಾರ ಎಲ್ಲರೂ ಹರಿಹರಕ್ಕೆ ಹೋದೆವು. ಬೀಗಿತಿಯವರು ಕೂಸಿನ ವಸತಿಗೆ ನಡುಮನೆಯಲ್ಲಿ ಜಾಗ ಮಾಡಿ ಇಟ್ಟಿದ್ದರು. ಅದನ್ನು ನೋಡಿ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಊಟದ ಹೊತ್ತಿಗೆ ತಂದಿದ್ದ ಡೈಪರುಗಳು ಮುಗಿದವು. ಚೀಲದ ತಳದಲ್ಲಿ ನನ್ನ ಎರಡು ಲಂಗೋಟಿ ಉಳಿದಿದ್ದವು. ಬೀಗಿತಿ ಒಂದನ್ನು ಎತ್ತಿ ಕೊಡವಿದರು. ಅದು ಪಟ್ ಎಂದಿತು.

ಅವರು ಮತ್ತೊಮ್ಮೆ ಕೊಡವಿದರು. ಮತ್ತೆ ಪಟ್. ಬಚ್ಚಲಿಗೆ ಹೋಗಿ ನಲ್ಲಿಯ ಕೆಳಗೆ ಹಿಡಿದರು. ನೀರು ಕೆಸವಿನ ಎಲೆಯ ಮೇಲೆ ಜಾರಿದ ಹಾಗೆ ಹನಿಹನಿಯಾಗಿ ಜಾರಿ ಬಿತ್ತು.

"ಬೀಗರೆ, ಇದಕ್ಕೆ ಗಂಜಿ ಹಾಕೀರೇನು?"

"ಹ್ಞೂಂ ಅಕ್ಕಾರೆ. ಬಿಳಿ ಅರಿವೆಗೆ ಹಾಕ್ತೀವಲ್ಲ."

"ದಿನಾ?"

"ದಿನಾ."

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಕೂಸನ್ನ ಮೀಟಿಂಗಿಗೆ ಕಳಿಸೋರು ಇದ್ರೇನು?" ಎಂದರು ಬೀಗಿತಿ. ಸೊಸೆ ಗೋಡೆಗೆ ಒರಗಿ ನಗತೊಡಗಿದಳು. ಹತ್ತು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ನನಗೆ ಮಾತ್ರ ಬೆವರು. ಗಿರಣಿಯಲ್ಲಿ ಮಗ್ಗದ ಉದ್ದಕ್ಕೆ ಕಟ್ಟುವ ಹಾಸು ನೂಲಿಗೆ ಗಂಜಿ ಕುಡಿಸುವುದನ್ನು ನಾನು ದಿನಾ ಕಂಡವನು. ಆ ಗಂಜಿ ಪೂರ್ತಿ ಬಿಡುವ ತನಕ ಬಟ್ಟೆ ಬಣ್ಣವನ್ನೂ ಹೀರುವುದಿಲ್ಲ, ನೀರನ್ನೂ ಹೀರುವುದಿಲ್ಲ ಎಂದು ಹೊಸಬರಿಗೆ ಹೇಳಿಕೊಟ್ಟವನು. ಅಂಥವನು ಕೈಯಾರೆ ಗಂಜಿ ಕುಡಿಸಿ ಮೊಮ್ಮಗಳಿಗೆ ಕಟ್ಟಿದ್ದೆ. ಆದರೆ ಬೆವರಿನ ಹಿಂದೆಯೇ ಒಂದು ಹುರುಪು ಉಕ್ಕಿತು. ಬಟ್ಟೆ ಸೋತಿರಲಿಲ್ಲ. ಸೋತವನು ನಾನು. ಅದನ್ನು ಸರಿಪಡಿಸಬಹುದು.

"ಅಕ್ಕಾರೆ, ತಪ್ಪು ನಂದು," ಎಂದೆ. "ಇನ್ನೊಂದು ವಾರ ಐತೆ. ಅದನ್ನ ಕೊಡ್ರಿ."

ಅವರು ಒಳಗೆ ಹೋಗಿ ಹಳೆ ಸೀರೆಯ ತುಂಡುಗಳ ಒಂದು ಗಂಟು ತಂದು ನನ್ನ ಕೈಗಿಟ್ಟರು. ಐದು ತಿಂಗಳು ಕೂಸಿಗೆ ಕಟ್ಟಿದ್ದವು. ಅಂಗೈಯಲ್ಲಿ ಬೆಣ್ಣೆ ಇಟ್ಟಷ್ಟು ಮೆತ್ತಗಿದ್ದವು. "ವಾರದಾಗೆ ಒಂದು ದಿನ ಬರ್ತೀನಿ. ಯಾವ ದಿನ ಅಂತ ಹೇಳಲ್ಲ. ಕೂಸಿನ ಮೈ ನೋಡ್ತೀನಿ, ಆಮ್ಯಾಲೆ ಮಾತು."

ಗಿರಣಿಗೆ ಇನ್‌ಸ್ಪೆಕ್ಷನ್ನಿಗೆ ಬರುವವರೂ ಹೀಗೆಯೇ ಹೇಳುತ್ತಿದ್ದರು. ಆ ವಾರ ನಾನು ಇಪ್ಪತ್ತರ ಹುಡುಗನಾದೆ. ಎರಡು ಡಜನ್ ಲಂಗೋಟಿಗಳನ್ನು ರಾತ್ರಿಯಿಡೀ ನೆನೆಸಿ, ಬಿಸಿನೀರಲ್ಲಿ ಕುದಿಸಿ, ಕೈಯಲ್ಲಿ ಜಾರಿಕೆ ಹೋಗುವ ತನಕ ತೊಳೆದೆ. ಇಸ್ತ್ರಿ ಇಲ್ಲ, ಬಿಗಿ ಎಳೆತ ಇಲ್ಲ. ಸ್ಟೂಲಿನ ಮೇಲೆ ಅವು ಅಡ್ಡಾದಿಡ್ಡಿ ಬಿದ್ದುಕೊಂಡಿದ್ದವು. ಮೂಲೆಗೆ ಮೂಲೆ ಕೂಡಿಸಲು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಹಗಲು ಬಟ್ಟೆ, ಮಲಗುವಾಗ ಒಂದು ಬಿದಿರಿನ ಡೈಪರ್. ಅದು ಸೊಸೆಯ ಮಾತು. ನಿದ್ದೆ ಕೆಡದಿದ್ದರೆ ಎಲ್ಲರಿಗೂ ಒಳ್ಳೆಯದು, ಆರರ ಬದಲು ಒಂದೇ ಕಸ. ನನ್ನ ಪುಸ್ತಕದ ಯಾವ ಅಂಕಣದಲ್ಲೂ ಇಲ್ಲದ ಈ ಉಪಾಯ ಹೆಂಗಸರಿಬ್ಬರಿಗೂ ಅರ್ಧ ನಿಮಿಷದಲ್ಲಿ ಒಪ್ಪಿಗೆಯಾಗಿತ್ತು.

ಬೀಗಿತಿ ಬುಧವಾರ ಬಂದರು. ಬಾಗಿಲಲ್ಲಿ "ಬರ್ರಿ, ಕೂಡ್ರಿ" ಎಂದರೂ ಕೂಡದೆ ನೆಟ್ಟಗೆ ತೊಟ್ಟಿಲಿಗೆ ಹೋಗಿ, ಲಂಗೋಟಿ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ತೊಡೆಯ ಸಂದಿ ನೋಡಿದರು. ಹಿತ್ತಲಿಗೆ ಹೋಗಿ ಹಗ್ಗದ ಮೇಲಿನ ಒಂದು ತುಂಡನ್ನು ಮೂಸಿದರು, ಕೆನ್ನೆಗೆ ಉಜ್ಜಿಕೊಂಡರು, ಕೊಡವಿದರು. ಸದ್ದಿಲ್ಲ. ಆಮೇಲೆ ಬಂದು ಕೂತು ಮಂಡಕ್ಕಿ, ಮಿರ್ಚಿ ಬಜ್ಜಿ ತಿಂದು, ಚಹಾ ಕುಡಿದು, ಲೋಟ ಕೆಳಗಿಟ್ಟು, "ಕೂಸಿಗೆ ಇಲ್ಲೇ ಚಲೋ ಐತಿ. ನನಗೆ ಭಾನುವಾರ ಕಳಿಸ್ರಿ," ಎಂದರು.

ನನ್ನ ಹೆಂಡತಿ ಅವರ ತಟ್ಟೆಗೆ ಇನ್ನೆರಡು ಮಿರ್ಚಿ ಹಾಕಿದಳು.

ಇದಾಗಿ ನಾಲ್ಕು ತಿಂಗಳಾಯಿತು. ಮೊನ್ನೆ ಕರಿಬೇವಿನ ಬುಡದ ಕಡ್ಡಿ ಕಿತ್ತು ಅಗೆದು ನೋಡಿದೆ. ಬಿದಿರಿನ ಪದರ ಮಣ್ಣಾಗಿದೆ, ಸೊಂಟದ ಎಲಾಸ್ಟಿಕ್ ಹಾಗೆಯೇ ಇದೆ. ಸೊಸೆಗೆ ತೋರಿಸಿದೆ, ಅವಳು ಅದನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಶಾಲೆಗೆ ಒಯ್ದಳು.

ಅವಳು ಕೆಲಸಕ್ಕೆ ಹೋದ ಮೊದಲ ಸೋಮವಾರ ಮಾತ್ರ ಮರೆಯಲಾರೆ. ಎಂಟರ ಬಸ್ಸಿಗೆ ಹೊರಟವಳು ಗೇಟಿನ ಹತ್ತಿರ ಎರಡು ಸಲ ತಿರುಗಿ ನೋಡಿದಳು. ಕೂಸು ಬಿಕ್ಕಿತು. ನಾನು ಎತ್ತಿ ಹೆಗಲಿಗೆ ಹಾಕಿಕೊಂಡೆ, ಅದು ಕೆನ್ನೆಯನ್ನು ನನ್ನ ಅಂಗಿಗೆ ಒತ್ತಿತು, ಸುಮ್ಮನಾಯಿತು, ಅಲ್ಲೇ ನಿದ್ದೆ ಹೋಯಿತು. ಹೆಂಡತಿ ನನ್ನ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಅದು ಮೆತ್ತಗೆ ಮಡಚಿಕೊಂಡಿತು.

"ಇದಕ್ಕೂ ಗಂಜಿ ಬಿಟ್ರೇನು?" ಎಂದಳು.

ಕೂಸು ಎದ್ದೀತೆಂದು ನಾನು ಬರೀ ತಲೆಯಾಡಿಸಿದೆ.