ಡಕಾಯಿತನಿಗೆ ಏಳು ಜೊತೆ, ಅಪ್ಪನಿಗೆ ಒಂದು ಅಂಗಿ

ಹೊನ್ನವಳ್ಳಿ ಕಡೆಯ ತೆಂಗಿನ ತೋಟವೊಂದರಲ್ಲಿ ಡಕಾಯಿತನ ಸಿನಿಮಾ ಶೂಟಿಂಗ್ ಐದು ದಿನ ನಡೆಯಿತು. ನನಗೆ ಕಾಸ್ಟ್ಯೂಮ್ ವಿಭಾಗದಲ್ಲಿ ಕೆಲಸ. ಯಾವ ದೃಶ್ಯದಲ್ಲಿ ಯಾರು ಏನು ಹಾಕಿದ್ದರು, ಎಷ್ಟು ಗುಂಡಿ ಬಿಚ್ಚಿತ್ತು, ಕಲೆ ಎಲ್ಲಿತ್ತು ಎಂದು ಬರೆದಿಡಬೇಕು.

ಮೊದಲ ದಿನದ ಪುಟ ಈಗಲೂ ಇದೆ. ಡಕಾಯಿತನಿಗೆ ಏಳು ಜೊತೆ ಬಟ್ಟೆ, ಎರಡು ಕರಿ ಕಂಬಳಿ, ಮೂರು ಬೆಲ್ಟು. ಅವನು ಕಾಪಾಡುವ ಹಳ್ಳಿಯವರು ಇಪ್ಪತ್ತೆರಡು ಜನ. ತಲಾ ಒಂದು ಅಂಗಿ. ಕಾಡಲ್ಲಿ ಮಲಗುವವನ ಕಾಲರಿಗೆ ಇಸ್ತ್ರಿ, ಮನೆಯಲ್ಲಿ ಮಲಗುವವರ ಮೈಗೆ ಮಣ್ಣು!

ಆ ಇಪ್ಪತ್ತೆರಡರಲ್ಲಿ ಅಪ್ಪನೂ ಒಬ್ಬ. ಅಪ್ಪ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುತ್ತಾನೆ. ಅವತ್ತು ಕೆಲಸದ ಅಂಗಿ ಬಿಟ್ಟು, ನೆಂಟರ ಮನೆಗೆ ಹಾಕುವ ಒಂದೇ ಬಿಳಿ ಅಂಗಿ ತೊಟ್ಟು ಬಂದಿದ್ದ. ನಾಲ್ಕು ಜನ ನೋಡುವ ಕಡೆ ಇನ್ನೇನು ಹಾಕಬೇಕಿತ್ತು?

ಬಟ್ಟೆ ವಿನ್ಯಾಸದ ಮೇಡಂ ಬೆರಳು ತೋರಿಸಿದರು. "ಅವ್ರು ಮದುವೆಗೆ ಬಂದೋರ ಥರ ಇದಾರೆ. ಬಡವರು ಅನ್ಸಲ್ಲ. ಆ ಅಂಗೀನ ಕೊಳೆ ಮಾಡು."

ಅವರು ನಮ್ಮಪ್ಪ ಎಂದು ನಾನು ಹೇಳಲಿಲ್ಲ. ಅಪ್ಪ ಗುಂಡಿ ಬಿಚ್ಚುತ್ತಾ, "ತಗಳವ್ವ, ನಿನ್ ಕೆಲ್ಸ ಕೆಟ್ಟೀತು" ಎಂದ, ನನಗೊಬ್ಬಳಿಗೇ ಕೇಳುವಂತೆ.

ಪಕ್ಕದಲ್ಲಿದ್ದ ಅವನ ಜೊತೆಗಾರ ನಕ್ಕ. "ಏನ್ಲಾ, ಡಕಾಯಿತ ಬರಾಕೆ ಮುಂಚೇನೇ ಅಂಗಿ ಹೋಯ್ತಲ್ಲಾ!"

ಅಂಗಿ ಕೊಳೆ ಮಾಡಲು ಟೀ ಡಿಕಾಕ್ಷನ್ ಕೊಟ್ಟಿದ್ದರು. ಅದು ಬೆವರಿಗೆ ಹರಡುತ್ತದೆ, ಮರುದಿನ ಕಲೆ ಹಿಂದಿನ ದಿನದ ದೃಶ್ಯಕ್ಕೆ ಹೊಂದುವುದಿಲ್ಲ. ಕಾಯಿ ಸುಲಿದ ಹಸಿ ಮಟ್ಟೆಯ ರಸ ಹಾಗಲ್ಲ, ಒಮ್ಮೆ ಹಿಡಿದರೆ ಯಾವ ಸೋಪಿಗೂ ಬಿಡುವುದಿಲ್ಲ. ಗೊತ್ತಿದ್ದೇ ಹಿಂಡಿದೆ. ಎದೆಗೆ ಮೂರು ಕಲೆ, ಬೆನ್ನಿಗೆ ಎರಡು, ಎಡತೋಳಿಗೆ ಒಂದು. ಅದನ್ನೂ ಬರೆದುಕೊಂಡೆ.

"ಸೂಪರ್! ಎಲ್ಲಿ ಕಲಿತೆ?" ಎಂದರು ಮೇಡಂ. ನಾನು ಹಲ್ಲು ಕಿರಿದೆ. ಆ ನಗು ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವರ ಕಣ್ಣಿಗೆ ಒಗೆದ ಅಂಗಿ ಸುಳ್ಳು, ಬಳಿದ ಕೊಳೆ ನಿಜ. ನಾನು ಅದಕ್ಕೆ ಲೆಕ್ಕ ಬರೆದವಳು.

ಕೊನೆಯ ದಿನ ಡಕಾಯಿತನ ಬಟ್ಟೆ ಹ್ಯಾಂಗರಿಗೆ ಹೋಯಿತು, ಹಳ್ಳಿಯವರದು ಗೋಣಿಚೀಲಕ್ಕೆ. ಆ ಚೀಲದಿಂದ ಅಪ್ಪನ ಅಂಗಿ ಎಳೆದುಕೊಂಡೆ.

"ಅದಿರ್ಲಿ, ಮುಂದಿನ ಸಿನಿಮಾಗೆ ಆಗುತ್ತೆ" ಎಂದರು ಮೇಡಂ.

"ಇದು ನಮ್ಮಪ್ಪಂದು ಕಣ್ರೀ!" ಕಿರುಚಿದೆ, ಐದು ದಿನ ತಡವಾಗಿ.

"ಅಯ್ಯೋ, ಮೊದ್ಲೇ ಹೇಳೋದಲ್ವಾ?" ಎಂದರು.

ಅಮ್ಮ ಅದನ್ನು ನಾಲ್ಕು ಸಲ ಒಗೆದಳು. ಭಾನುವಾರ ದಂಡಿನಶಿವರದಲ್ಲಿ ನೆಂಟರ ನಿಶ್ಚಿತಾರ್ಥ. "ನೀವ್ ಹೋಗ್ಬನ್ನಿ, ನಂಗೆ ಕಾಯಿ ಸುಲಿಯೋದೈತೆ" ಎಂದ ಅಪ್ಪ.

ಆ ವಾರ ಯಾರ ತೋಟದಲ್ಲೂ ಕಾಯಿ ಇಳಿಸಿರಲಿಲ್ಲ.